ಮಗಳು ಮದ್ದು ತಗೊಂಡಿಲ್ಲ ಅಂತ ನೀವು ಸಾಬೀತು ಮಾಡಬೇಕಿಲ್ಲ

ಪ್ರಶ್ನೆ: ನಾವು ಹೊಸನಗರ ತಾಲೂಕಿನವರು. ಮಗಳಿಗೆ 20 ವರ್ಷ. ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಾ 400 ಮತ್ತು 800 ಮೀಟರ್ ಓಡುತ್ತಾಳೆ. ಕಳೆದ ದಸರಾ ಕ್ರೀಡಾಕೂಟದಲ್ಲಿ ಅವಳ ಟೈಮಿಂಗ್ ತುಂಬಾ ಸುಧಾರಿಸಿತ್ತು. ಮುಂದಿನ ವಾರವೇ ಬೇರೆ ತಂಡದ ಕೋಚ್ ಒಬ್ಬರು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಆಡಿಯೊ ಹಾಕಿದರು. "ಹೊಸನಗರದ ಆ ಹುಡುಗಿ ಇಂಜೆಕ್ಷನ್ ತಗೊಂಡೇ ಓಡೋದು, ಬ್ಯಾಗಲ್ಲಿ ಏನಿಟ್ಕೊಂಡಿದಾಳೆ ನೋಡಿ" ಅಂತ. ಜೊತೆಗೆ ಅವಳ ಇನ್‌ಹೇಲರ್ ಫೋಟೊ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಆಮೇಲೆ ಒಂದು ಯೂಟ್ಯೂಬ್ ಚಾನೆಲ್ಲಿನವರೂ ಹೆಸರು ಹೇಳದೆ ವಿಡಿಯೊ ಮಾಡಿದರು. ಇದಾಗಿ ಏಳು ತಿಂಗಳಾಯ್ತು. ಮಗಳು ಮೈದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾಳೆ. ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿ ರಿಪೋರ್ಟ್ ಗ್ರೂಪಿಗೆ ಹಾಕಿ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಮನುಷ್ಯನ ಮೇಲೆ 25 ಲಕ್ಷಕ್ಕೆ ಮಾನನಷ್ಟ ಕೇಸ್ ಹಾಕಬೇಕು ಅನ್ನಿಸಿದೆ. ಹಾಕಬಹುದಾ? ಗೆಲ್ಲುತ್ತೇವಾ ಸರ್?

ಉತ್ತರ: ಹಾಕಬಹುದು. ನೀವು ಬರೆದದ್ದಷ್ಟೇ ಸತ್ಯವಾಗಿದ್ದರೆ ಕೇಸ್ ಗಟ್ಟಿಯಾಗಿಯೇ ಇದೆ. ಆದರೆ ಕೇಸ್ ಹಾಕುವವರು ನೀವಲ್ಲ, ನಿಮ್ಮ ಮಗಳು. ಅವಳಿಗೆ 18 ದಾಟಿದೆ, ಹೋದದ್ದು ಅವಳ ಮಾನ. ದಾವೆಯಲ್ಲಿ ವಾದಿ ಅಂತ ಅವಳ ಹೆಸರೇ ಬರಬೇಕು. ಕ್ರಿಮಿನಲ್ ದೂರಾದರೂ ಅವಳೇ ಮ್ಯಾಜಿಸ್ಟ್ರೇಟ್ ಮುಂದೆ ನಿಂತು ಹೇಳಿಕೆ ಕೊಡಬೇಕು. ನಿಮ್ಮ ಪತ್ರದಲ್ಲಿ ನಿಮ್ಮ ಸಿಟ್ಟು ಕಾಣುತ್ತದೆ, ಅದು ಸಹಜ. ಅವಳಿಗೆ ಏನು ಬೇಕು ಅನ್ನೋದು ಎಲ್ಲೂ ಇಲ್ಲ. ವಕೀಲರ ಹತ್ತಿರ ಹೋಗುವ ಮುಂಚೆ ಅವಳನ್ನು ಕೂರಿಸಿಕೊಂಡು ಕೇಳಿ.

ಈಗ ಲ್ಯಾಬ್ ಟೆಸ್ಟ್ ವಿಚಾರ. ದಯವಿಟ್ಟು ಮಾಡಿಸಬೇಡಿ. ಇವತ್ತಿನ ಮೂತ್ರದಲ್ಲಿ ಏನೂ ಸಿಗಲಿಲ್ಲ ಅಂದರೆ ಏಳು ತಿಂಗಳ ಹಿಂದೆಯೂ ಇರಲಿಲ್ಲ ಅಂತ ಆಗುವುದಿಲ್ಲ. ಊರಿನ ಡಯಾಗ್ನೋಸ್ಟಿಕ್ ಲ್ಯಾಬ್‌ಗೆ ಉದ್ದೀಪನ ಮದ್ದು ಹುಡುಕುವ ವ್ಯವಸ್ಥೆಯೂ ಇರುವುದಿಲ್ಲ. ಅದಕ್ಕೆ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಮಾನ್ಯತೆ ಪಡೆದ ಲ್ಯಾಬ್ ಬೇಕು. ದೆಹಲಿಯ ರಾಷ್ಟ್ರೀಯ ಡೋಪ್ ಪರೀಕ್ಷಾ ಪ್ರಯೋಗಾಲಯ ಅಂಥದ್ದು. ಅಂಥ ಲ್ಯಾಬ್‌ಗಳು ಕ್ರೀಡಾಪಟು ತಾನಾಗಿ ಕಳಿಸಿದ ಸ್ಯಾಂಪಲ್ ತಗೊಳ್ಳುವುದಿಲ್ಲ. ಇಷ್ಟರ ಮೇಲೂ ಎಲ್ಲಿಂದಲೋ ಒಂದು ರಿಪೋರ್ಟ್ ತಂದು ಗ್ರೂಪಿಗೆ ಹಾಕಿದಿರಿ ಅಂತಿಟ್ಟುಕೊಳ್ಳಿ. "ಯಾವ ಲ್ಯಾಬು? ಯಾವಾಗ ಕೊಟ್ಟಿದ್ದು? ಯಾರದ್ದು ಕೊಟ್ಟಿದ್ದು?" ಅಂತ ಹೊಸ ಮಾತು ಶುರುವಾಗುತ್ತದೆ. ಒಂದು ಹೆಣ್ಣುಮಗಳು ಕಂಡವರ ಮುಂದೆಲ್ಲ ತನ್ನ ದೇಹದ ಲೆಕ್ಕ ಒಪ್ಪಿಸುವ ಹಾಗಾಗುತ್ತದೆ. ಅದರ ಅಗತ್ಯ ಅವಳಿಗಿಲ್ಲ.

ಯಾಕಿಲ್ಲ ಅಂದರೆ, ನಮ್ಮ ಕಾನೂನಿನಲ್ಲಿ ಸಾಬೀತು ಮಾಡುವ ಹೊರೆ ಆ ಕೋಚ್ ತಲೆಯ ಮೇಲಿದೆ. ಸಿವಿಲ್ ದಾವೆಯಲ್ಲಿ ನಿಮ್ಮ ಮಗಳು ತೋರಿಸಬೇಕಾದದ್ದು ಮೂರೇ. ಆ ಮಾತು ಅವಳ ಹೆಸರು ಕೆಡಿಸುವಂಥದ್ದು, ಅದು ಅವಳ ಬಗ್ಗೆಯೇ ಆಡಿದ್ದು, ಮೂರನೆಯವರ ಕಿವಿಗೆ ಬಿದ್ದದ್ದು. ಹೆಸರು ಹೇಳಿಲ್ಲ ಅನ್ನುವುದು ನೆಪವಾಗುವುದಿಲ್ಲ. "ಹೊಸನಗರದ ಆ ಹುಡುಗಿ" ಅಂದಾಗ ಗ್ರೂಪಿನವರಿಗೆಲ್ಲ ಯಾರು ಅಂತ ಗೊತ್ತಾಯ್ತಲ್ವಾ, ಅಷ್ಟು ಸಾಕು. ಆಮೇಲೆ ಸರದಿ ಅವರದ್ದು. "ನಾನು ಹೇಳಿದ್ದು ನಿಜ" ಅಂತ ಅವರು ತೋರಿಸಬೇಕು. ಯಾವ ಇಂಜೆಕ್ಷನ್, ಯಾರು ಕೊಟ್ಟರು, ಕಂಡವರು ಯಾರು? ಇನ್‌ಹೇಲರ್ ಫೋಟೊ ಇಟ್ಟುಕೊಂಡು ಇದಕ್ಕೆಲ್ಲ ಉತ್ತರ ಹೇಳಲಾಗುವುದಿಲ್ಲ.

ಇಲ್ಲಿ ಬಹಳ ಜನ ಕೋರ್ಟು ಮತ್ತು ಕ್ರೀಡಾ ಸಂಸ್ಥೆ ಅನ್ನುವ ಎರಡು ಕಟ್ಟೆಗಳನ್ನು ಕಲಸಿಬಿಡುತ್ತಾರೆ. ಕ್ರೀಡಾ ಸಂಸ್ಥೆಗಳ ನಿಯಮವೇ ಬೇರೆ. ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ತೆಗೆದುಕೊಂಡ ಸ್ಯಾಂಪಲ್‌ನಲ್ಲಿ ನಿಷೇಧಿತ ವಸ್ತು ಸಿಕ್ಕರೆ ಹೊರೆ ಕ್ರೀಡಾಪಟುವಿನ ಮೇಲೆ ಬೀಳುತ್ತದೆ. ಗೊತ್ತಿಲ್ಲದೆ ದೇಹ ಸೇರಿತು ಅಂದರೂ ಪೂರ್ತಿ ಬಿಡುಗಡೆ ಕಷ್ಟ. ನಮ್ಮ ಘಟ್ಟದ ಕೆಳಗಿನ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರ ವಿಚಾರ ನಿಮಗೆ ನೆನಪಿರಬಹುದು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಮತ್ತು ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. 2011ರಲ್ಲಿ ಅವರೂ ರಿಲೇ ತಂಡದ ಇನ್ನೂ ಕೆಲವರೂ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಲ್ಲಿ ಕಲಬೆರಕೆ ಇತ್ತು ಅಂತ ವಾದಿಸಿದರು. ಇಲ್ಲಿಯ ಶಿಸ್ತು ಸಮಿತಿ ಅದನ್ನು ಬಹುಮಟ್ಟಿಗೆ ಒಪ್ಪಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಈ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಮಾನನಷ್ಟ ಆಗುವುದಿಲ್ಲ, ಅದು ದಾಖಲೆ. ಅದರಾಚೆ ಒಂದು ಹೆಜ್ಜೆ ಹೋಗಿ "ಗೆದ್ದದ್ದೆಲ್ಲ ಮದ್ದಿನಿಂದಲೇ" ಅಂದರೆ ಅದು ಬೇರೆ ಆರೋಪ, ಅದಕ್ಕೆ ಬೇರೆ ಸಾಕ್ಷಿ ಬೇಕು. ನಿಮ್ಮ ಮಗಳ ವಿಷಯದಲ್ಲಂತೂ ಟೆಸ್ಟೇ ಆಗಿಲ್ಲ, ಯಾರೂ ನೋಟಿಸ್ ಕೊಟ್ಟಿಲ್ಲ. ಇರುವುದು ಗಾಳಿಮಾತು ಮಾತ್ರ.

ಆ ಇನ್‌ಹೇಲರ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಕೇಸಿನ ಜೀವ ಅಲ್ಲೇ ಇದೆ. ಮಲೆನಾಡಿನ ಮಳೆ, ಥಂಡಿ, ಗೋಡೆ ಮೇಲಿನ ಬೂಷ್ಟು ಇವುಗಳ ನಡುವೆ ಬೆಳೆದ ಮಕ್ಕಳಲ್ಲಿ ಉಬ್ಬಸ ಹೊಸದೇನಲ್ಲ. ಸಾಮಾನ್ಯವಾಗಿ ಕೊಡುವ ಸಾಲ್‌ಬುಟಮಾಲ್ ಇನ್‌ಹೇಲರ್‌ಗೆ ವಾಡಾ ನಿಯಮದಲ್ಲೇ ಅನುಮತಿ ಇದೆ. 24 ಗಂಟೆಯಲ್ಲಿ 1600 ಮೈಕ್ರೊಗ್ರಾಂ ಮೀರಬಾರದು, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಒಂದು ಸಲ ಒತ್ತಿದರೆ ಸಾಮಾನ್ಯವಾಗಿ 100 ಮೈಕ್ರೊಗ್ರಾಂ ಬರುತ್ತದೆ. ಓಟಕ್ಕೆ ಮುಂಚೆ ಎರಡು ಸಲ ಎಳೆದುಕೊಂಡರೆ ಅದು ಮಿತಿಯ ಹತ್ತಿರವೂ ಹೋಗುವುದಿಲ್ಲ. ಅಂದರೆ ಆ ಫೋಟೊ ಏನನ್ನಾದರೂ ತೋರಿಸುವುದಾದರೆ, ನಿಯಮ ಒಪ್ಪಿದ ಔಷಧಿ ಅವಳ ಹತ್ತಿರ ಇತ್ತು ಅನ್ನುವುದನ್ನು ಮಾತ್ರ.

ಆದರೆ ಅದೇ ಔಷಧಿ ಮಾತ್ರೆಯಾಗಿಯೋ ಸಿರಪ್ ಆಗಿಯೋ ಹೊಟ್ಟೆಗೆ ಹೋದರೆ ನಿಷಿದ್ಧ. ಮಳೆಗಾಲದಲ್ಲಿ ಮೆಡಿಕಲ್ ಶಾಪಿನಿಂದ ಸುಮ್ನೆ ತಂದುಕೊಳ್ಳುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಸಾಲ್‌ಬುಟಮಾಲ್ ಅಥವಾ ಅದೇ ಜಾತಿಯ ಟರ್ಬುಟಲಿನ್ ಇರುತ್ತದೆ. ಆಸ್ಪತ್ರೆಯಲ್ಲಿ ಹಾಕುವ ನೆಬ್ಯುಲೈಸರ್‌ನಲ್ಲಿ ಡೋಸ್ ಜಾಸ್ತಿ, ಮಿತಿ ದಾಟಬಹುದು. ಉಬ್ಬಸ ಜೋರಾದಾಗ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆ, ಸ್ಟೆರಾಯ್ಡ್ ಇಂಜೆಕ್ಷನ್ ಇವು ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಚಿಕಿತ್ಸೆಗೆ ಬೇಕೇ ಬೇಕು ಅಂದರೆ ವಿನಾಯಿತಿ ಪತ್ರ ಪಡೆಯಬೇಕು. ಹಾಗಾಗಿ ವಕೀಲರ ಮುಂದೆ ಕೂರುವ ದಿನ ಕಳೆದ ಎರಡು ವರ್ಷದ ಡಾಕ್ಟರ್ ಚೀಟಿ, ಮೆಡಿಕಲ್ ಬಿಲ್, ಅವಳು ಕುಡಿಯುವ ಪ್ರೋಟೀನ್ ಪುಡಿಯ ಡಬ್ಬಿ, ಮನೆಯಲ್ಲಿ ಕೊಟ್ಟ ಲೇಹ್ಯ, ಎಲ್ಲದರ ಪಟ್ಟಿ ಮಾಡಿಕೊಂಡು ಹೋಗಿ. ಏನನ್ನೂ ಬಚ್ಚಿಡಬೇಡಿ. ಪಾಟಿ ಸವಾಲಿನಲ್ಲಿ ಎದುರು ಪಕ್ಷದ ವಕೀಲರು ಇದನ್ನೇ ಕೆದಕುತ್ತಾರೆ. ಹೊರೆ ಅವರದ್ದು ಅಂದ ಮಾತ್ರಕ್ಕೆ ನಿಮ್ಮ ಮಗಳ ಔಷಧಿ ಚೀಟಿ ಮುಚ್ಚಿದ ಕಪಾಟಿನಲ್ಲೇ ಉಳಿಯುವುದಿಲ್ಲ. ಕೇಸ್ ಹಾಕಿದರೆ ಆ ಕಪಾಟನ್ನು ನಾವೇ ತೆರೆದ ಹಾಗೆ.

ಇಷ್ಟು ಎಚ್ಚರಿಕೆ ಹೇಳುವುದಕ್ಕೆ ಕಾರಣ ಇದೆ. ಕೇಸ್ ಹಾಕಿದವರೆಲ್ಲ ಶುದ್ಧರು ಅಂತ ಜನ ಈಗ ನಂಬುವುದಿಲ್ಲ. ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2004ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಮೇಲೆ ಮಾನನಷ್ಟ ಕೇಸ್ ಹಾಕಿದ. 2006ರಲ್ಲಿ ಪತ್ರಿಕೆ 3 ಲಕ್ಷ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. 2012ರಲ್ಲಿ ಅಮೆರಿಕದ ತನಿಖೆ ಅವನು ಮದ್ದು ತಗೊಂಡದ್ದನ್ನು ಬಯಲು ಮಾಡಿತು, ಅವನ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳೂ ಹೋದವು. ಪತ್ರಿಕೆ ಅವನ ಮೇಲೆ ತಿರುಗಿ ಕೇಸ್ ಹಾಕಿತು. 2013ರಲ್ಲಿ ಆ ಕೇಸೂ ರಾಜಿಯಲ್ಲಿ ಮುಗಿಯಿತು. ಬ್ರಿಟನ್ನಿನ ಓಟಗಾರ ಲಿನ್‌ಫೋರ್ಡ್ ಕ್ರಿಸ್ಟಿ 1998ರಲ್ಲಿ ಇಂಥದ್ದೇ ಕೇಸ್ ಗೆದ್ದರು. ಮರುವರ್ಷವೇ ಅವರ ಸ್ಯಾಂಪಲ್‌ನಲ್ಲಿ ನ್ಯಾಂಡ್ರೊಲೋನ್ ಅನ್ನುವ ನಿಷೇಧಿತ ಸ್ಟೆರಾಯ್ಡ್ ಸಿಕ್ಕಿತು. ಸುಳ್ಳು ಹೇಳಿದವರು ಕೋರ್ಟನ್ನು ಬಾಯಿ ಮುಚ್ಚಿಸಲು ಬಳಸಿದ್ದರಿಂದ ನಿಮ್ಮ ಮಗಳಂಥ ಪ್ರಾಮಾಣಿಕರಿಗೆ ದಾರಿ ಕಷ್ಟವಾಗಿದೆ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಚಾರ.

ನಮ್ಮ ದೇಶದ ಪರಿಸ್ಥಿತಿಯೂ ಗಾಳಿಮಾತಿಗೆ ಅನುಕೂಲವಾಗಿದೆ. ವಾಡಾದ 2023ರ ಅಂಕಿಅಂಶದಲ್ಲಿ ಭಾರತದ 5,606 ಸ್ಯಾಂಪಲ್‌ಗಳಲ್ಲಿ 213 ಪಾಸಿಟಿವ್ ಬಂದಿವೆ, ಅಂದರೆ ಶೇ 3.8. ಅದೇ ವರ್ಷ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದರು ಅಂತ ಗೊತ್ತಾಗಿ ಓಟಗಾರರು ಜಾಗ ಖಾಲಿ ಮಾಡಿದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ. ಇದನ್ನೆಲ್ಲ ಓದಿದವರಿಗೆ ಯಾರ ಟೈಮಿಂಗ್ ಸುಧಾರಿಸಿದರೂ ಅನುಮಾನ. ಅನುಮಾನ ಪಡುವುದು ತಪ್ಪಲ್ಲ. ಆ ಕೋಚ್‌ಗೆ ನಿಜವಾಗಿ ಅನುಮಾನ ಇದ್ದಿದ್ದರೆ ನಾಡಾಕ್ಕೆ ಗುಟ್ಟಾಗಿ ದೂರು ಕೊಡಬಹುದಿತ್ತು. ಸದ್ಭಾವನೆಯಿಂದ ಅಧಿಕಾರ ಇರುವವರಿಗೆ ಕೊಟ್ಟ ದೂರು ಮಾನನಷ್ಟ ಆಗುವುದಿಲ್ಲ ಅಂತ ಕಾನೂನೇ ಹೇಳುತ್ತದೆ. ಆ ರಕ್ಷಣೆ ಉಳಿಯಬೇಕು, ಇಲ್ಲದಿದ್ದರೆ ಕ್ರೀಡೆ ಉದ್ಧಾರವಾಗುವುದಿಲ್ಲ. ಆದರೆ ಪೋಷಕರ ಗ್ರೂಪು ನಾಡಾ ಅಲ್ಲ. ಅಲ್ಲಿ ಆಡಿಯೊ ಹಾಕಿದರೆ ತನಿಖೆ ಆಗುವುದಿಲ್ಲ, ಹುಡುಗಿಯ ಹೆಸರು ಮಾತ್ರ ಕೆಡುತ್ತದೆ.

ಈಗ ನಿಮ್ಮ 25 ಲಕ್ಷದ ವಿಚಾರಕ್ಕೆ ಬರೋಣ. ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಲೆಕ್ಕ ಆಗುತ್ತದೆ. ದೊಡ್ಡ ಮೊತ್ತ ಬರೆದರೆ ದೊಡ್ಡ ಪರಿಹಾರ ಬರುತ್ತದೆ ಅಂತಲೂ ಇಲ್ಲ. ಟೆನಿಸ್ ಆಟಗಾರ ರಫೇಲ್ ನಡಾಲ್ ಉದಾಹರಣೆ ನೋಡಿ. ಫ್ರಾನ್ಸಿನ ಮಾಜಿ ಕ್ರೀಡಾ ಸಚಿವೆ ರೋಸ್‌ಲಿನ್ ಬಾಶ್‌ಲೋ 2016ರ ಮಾರ್ಚ್‌ನಲ್ಲಿ ಟಿವಿಯಲ್ಲಿ ಒಂದು ಮಾತು ಹೇಳಿದರು. 2012ರಲ್ಲಿ ನಡಾಲ್ ಏಳು ತಿಂಗಳು ಆಡದೇ ಇದ್ದದ್ದು ಪಾಸಿಟಿವ್ ಬಂದಿದ್ದಕ್ಕೇ ಅಂತ. ನಡಾಲ್ ಕೇಸ್ ಹಾಕಿದರು, ತಮ್ಮ ಟೆಸ್ಟ್ ಫಲಿತಾಂಶಗಳನ್ನು ಬಹಿರಂಗಪಡಿಸಿ ಅಂತ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ನಿಗೂ ಬರೆದರು. ಕೇಳಿದ್ದು 1 ಲಕ್ಷ ಯೂರೊ. 2017ರ ನವೆಂಬರ್‌ನಲ್ಲಿ ಪ್ಯಾರಿಸ್ ಕೋರ್ಟ್ ಕೊಡಿಸಿದ್ದು 10,000 ಯೂರೊ. ಜಗತ್ತಿಗೇ ಗೊತ್ತಿರುವ ಆಟಗಾರನ ಕಥೆ ಇದು. ನಡಾಲ್ ದುಡ್ಡಿಗಾಗಿ ಹೋಗಿರಲಿಲ್ಲ. ಆ ಮಾತು ಸುಳ್ಳು ಅಂತ ಕೋರ್ಟ್ ಬಾಯಲ್ಲಿ ಬರಬೇಕಿತ್ತು, ಬಂತು.

ನಿಮಗೆ ನಾನು ತೋರಿಸಬೇಕೆಂದಿರುವ ದಾರಿ ಬಾಕ್ಸರ್ ಮ್ಯಾನಿ ಪಕ್ವಿಯಾವೊ ಅವರದ್ದು. ಮದ್ದು ತಗೊಳ್ಳುತ್ತಾನೆ ಅಂತ ಮಾತು ಹಬ್ಬಿಸಿದ್ದಕ್ಕೆ ಅವರು 2009ರ ಕೊನೆಯಲ್ಲಿ ಇನ್ನೊಬ್ಬ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಕಡೆಯವರ ಮೇಲೆ ಕೇಸ್ ಹಾಕಿದರು. 2012ರಲ್ಲಿ ರಾಜಿ ಆಯ್ತು. ಪಕ್ವಿಯಾವೊ ಮದ್ದು ತಗೊಂಡಿದ್ದಾನೆ ಅಂತ ಹೇಳುವ ಉದ್ದೇಶ ನಮಗಿರಲಿಲ್ಲ, ಅಂಥ ಯಾವ ಸಾಕ್ಷಿಯೂ ನಮಗೆ ಗೊತ್ತಿಲ್ಲ ಅಂತ ಮೇವೆದರ್ ಕಡೆಯವರು ಹೇಳಿಕೆ ಕೊಟ್ಟರು. ಇದರಲ್ಲಿ "ಸಾಕ್ಷಿ ಗೊತ್ತಿಲ್ಲ" ಅನ್ನುವುದೇ ಮುಖ್ಯ. "ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ" ಅನ್ನುವಂಥ ಜಾರಿಕೊಳ್ಳುವ ಮಾತಿಗೆ ಒಪ್ಪಬೇಡಿ. ಅದರಿಂದ ಆರೋಪ ಹಾಗೇ ಉಳಿಯುತ್ತದೆ.

ಮೊದಲು ವಕೀಲರ ಮೂಲಕ ಲೀಗಲ್ ನೋಟಿಸ್ ಕಳಿಸಿ. 15 ದಿನ ಗಡುವು ಕೊಡಿ. ಮುಖ್ಯ ಬೇಡಿಕೆ ಈ ಧಾಟಿಯಲ್ಲಿರಲಿ: "ತಾವು ಇಂಥ ದಿನಾಂಕದಂದು ಹಾಕಿದ ಆಡಿಯೊದಲ್ಲಿ ಹೇಳಿದ್ದಕ್ಕೆ ತಮ್ಮ ಬಳಿ ಯಾವುದೇ ಸಾಕ್ಷಿ ಇಲ್ಲವೆಂದೂ, ಫೋಟೊದಲ್ಲಿರುವುದು ಉಬ್ಬಸಕ್ಕೆ ಬಳಸುವ ಇನ್‌ಹೇಲರ್ ಎಂದೂ, ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರುವುದಾಗಿಯೂ, ಅದೇ ಗ್ರೂಪಿನಲ್ಲಿ, ತಮ್ಮದೇ ಧ್ವನಿಯಲ್ಲಿ ಹೇಳತಕ್ಕದ್ದು." ಅದೇ ಗ್ರೂಪು, ಅದೇ ಧ್ವನಿ. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬಂದರೆ ನಿಮ್ಮೂರಲ್ಲಿ ಅಡಿಕೆ ಸುಲಿಯುತ್ತಾ ಆ ಆಡಿಯೊ ಕೇಳಿದವರಿಗೆ ಅದು ತಲುಪುವುದಿಲ್ಲ. ಇಂಥ ಜಗಳಗಳು ನಮ್ಮ ಕಡೆ ನೋಟಿಸ್ ಹಂತದಲ್ಲೇ ಮುಗಿಯುವುದನ್ನು ನೋಡಿದ್ದೇನೆ. ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ ಅಂತ ಗೊತ್ತಾದಾಗ ಸಾಕ್ಷಿ ಇಲ್ಲದವರ ದನಿ ತಗ್ಗುತ್ತದೆ. ಮುಖಾಮುಖಿ ಬೇಡ ಅನ್ನಿಸಿದರೆ ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ದಾವೆಗೆ ಮುಂಚೆಯೇ ರಾಜಿ ಮಾತುಕತೆಗೆ ಕರೆಸಬಹುದು.

ನೋಟಿಸ್‌ಗೆ ಜಗ್ಗದಿದ್ದರೆ ಸಿವಿಲ್ ದಾವೆ ಹಾಕಿ. ಆಡಿಯೊ ಹರಡಿದ ಜಾಗದಲ್ಲಾಗಲಿ, ಅವರು ವಾಸ ಇರುವ ಊರಿನಲ್ಲಾಗಲಿ ಹಾಕಬಹುದು. ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಶಿವಮೊಗ್ಗದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಅವಳೇ ಅರ್ಜಿ ಕೊಡಬಹುದು.

ಕ್ರಿಮಿನಲ್ ದಾರಿಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಪೊಲೀಸ್ ಸ್ಟೇಷನ್ನಿಗೆ ಹೋದರೆ ಕೋರ್ಟಿಗೆ ಹೋಗಿ ಅಂತಲೇ ಕಳಿಸುತ್ತಾರೆ, ಅದು ಅವರ ತಪ್ಪಲ್ಲ. ಈ ಅಪರಾಧದಲ್ಲಿ ಅವರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ಕಾನೂನಿನಲ್ಲಿ ಕೇಸ್ ದಾಖಲಿಸಿಕೊಳ್ಳುವ ಮುಂಚೆಯೇ ಆರೋಪಿಯ ಮಾತನ್ನೂ ಕೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ ಇದನ್ನು ಕೊನೆಗಿಟ್ಟುಕೊಳ್ಳಿ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಪ್ರತಿ ವಾಯಿದೆಗೂ ಅವಳು ಪ್ರಾಕ್ಟೀಸ್ ಬಿಟ್ಟು ಕೋರ್ಟ್ ಕಾರಿಡಾರಿನಲ್ಲಿ ಕಾಯಬೇಕು. ಓಟಗಾರ್ತಿಗೆ 20ರಿಂದ 25 ವರ್ಷದ ಕಾಲ ಮತ್ತೆ ಸಿಗುವಂಥದ್ದಲ್ಲ.

ಯೂಟ್ಯೂಬ್ ಚಾನೆಲ್ಲಿಗೆ ಬೇರೆ ನೋಟಿಸ್ ಕಳಿಸಿ. ವಿಡಿಯೊ ತೆಗೆಯಿರಿ, ತಿದ್ದುಪಡಿ ಹಾಕಿ ಅಂತ ಕೇಳಿ. ಮಧ್ಯಂತರ ತಡೆಯಾಜ್ಞೆ ಕೂಡಲೇ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಮಾಧ್ಯಮ ವರದಿಗಳ ಮೇಲೆ ವಿಚಾರಣೆಗೆ ಮುಂಚೆಯೇ ತಡೆ ಕೊಡುವಾಗ ಬಹಳ ಎಚ್ಚರ ಇರಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿ ಸಂಸ್ಥೆ ಮತ್ತು ಝೀ ಟಿವಿ ಕಂಪನಿ ನಡುವಿನ ಪ್ರಕರಣದಲ್ಲಿ ಹೇಳಿದೆ. ಗ್ರೂಪ್ ಅಡ್ಮಿನ್ ಮೇಲೆ ಸಿಟ್ಟು ತೀರಿಸಿಕೊಳ್ಳಲು ಹೋಗಬೇಡಿ. ಬರೀ ಅಡ್ಮಿನ್ ಆಗಿದ್ದ ಕಾರಣಕ್ಕೆ ಬೇರೆಯವರ ಮೆಸೇಜಿಗೆ ಹೊಣೆ ಆಗುವುದಿಲ್ಲ ಅಂತ ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಫಾರ್ವರ್ಡ್ ಮಾಡಿದವರ ಕಥೆ ಬೇರೆ. ಬೇರೆಯವರು ಹೇಳಿದ್ದನ್ನು ಮತ್ತೆ ಹರಡಿದರೆ ಅವರೂ ಹೊಣೆ. ಆದರೆ ಊರವರನ್ನೆಲ್ಲ ಪ್ರತಿವಾದಿ ಮಾಡಿದರೆ ಕೇಸ್ ಎಳೆಯುತ್ತದೆ, ಸಾಕ್ಷಿ ಹೇಳಬೇಕಾದವರೇ ಎದುರಾಳಿಗಳಾಗುತ್ತಾರೆ. ಆ ಕೋಚ್, ಆ ಚಾನೆಲ್, ಇಷ್ಟಕ್ಕೆ ನಿಲ್ಲಿಸಿ.

ಸಾಕ್ಷಿಯ ಬಗ್ಗೆ ಇವತ್ತೇ ಮಾಡಬೇಕಾದ ಕೆಲಸ ಇದೆ. ಆಡಿಯೊ ಬಂದಿರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಸಿಟ್ಟಿನಿಂದ ಗ್ರೂಪ್ ಬಿಟ್ಟು ಚಾಟ್ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ ತಂದರೆ ಕೋರ್ಟಿನಲ್ಲಿ ಸಾಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗ ಫೋನ್ ಇಟ್ಟುಕೊಂಡವರದ್ದು, ಇನ್ನೊಂದು ತಜ್ಞರದ್ದು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲ್ ತಿದ್ದಿಲ್ಲ ಅಂತ ತೋರಿಸುವ ಬೆರಳಚ್ಚಿನಂಥ ಸಂಕೇತವನ್ನೂ ಅದರಲ್ಲಿ ಬರೆಯಬೇಕು. ಗ್ರೂಪಿನಲ್ಲಿದ್ದ ಇಬ್ಬರಾದರೂ "ನಾನು ಕೇಳಿದೆ, ಇವಳ ಬಗ್ಗೆಯೇ ಅಂತ ಅರ್ಥವಾಯ್ತು" ಅಂತ ಹೇಳಲು ಸಿದ್ಧರಿರಬೇಕು. ನಿಮ್ಮ ನೆಂಟರಲ್ಲದವರಾದರೆ ಒಳ್ಳೆಯದು. ಮುಂದೆ ಯಾವುದಾದರೂ ಕೂಟದಲ್ಲಿ ನಾಡಾದವರು ಅವಳ ಸ್ಯಾಂಪಲ್ ತಗೊಂಡರೆ ಆಗ ಕೊಡುವ ಫಾರ್ಮಿನ ಪ್ರತಿಯನ್ನು ಜೋಪಾನವಾಗಿಡಿ. ಇನ್‌ಹೇಲರ್ ಹೆಸರನ್ನು ಆ ಫಾರ್ಮಿನಲ್ಲಿ ಬರೆಸುವುದನ್ನು ಅವಳು ಮರೆಯಬಾರದು.

ಇನ್ನು ಸಮಯ. ಕ್ರಿಮಿನಲ್ ದೂರಿಗೆ ಮೂರು ವರ್ಷ ಇದೆ. ಸಿವಿಲ್ ದಾವೆಗೆ ಇರುವುದು ಒಂದೇ ವರ್ಷ, ಆಡಿಯೊ ಹಾಕಿದ ದಿನದಿಂದ ಲೆಕ್ಕ. ಏಳು ತಿಂಗಳು ಹೋಗಿದೆ, ಐದು ಉಳಿದಿದೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಈ ಗಡುವು ನಿಲ್ಲುವುದಿಲ್ಲ, ರಾಜಿ ಮಾತುಕತೆ ನಡೆಯುತ್ತಿದೆ ಅಂದರೂ ನಿಲ್ಲುವುದಿಲ್ಲ. ವಿಡಿಯೊಗೆ ಬೇರೆ ದಿನಾಂಕ, ಬೇರೆ ಲೆಕ್ಕ. ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಮಗಳನ್ನೂ ಕರೆದುಕೊಂಡು, ಈ ತಿಂಗಳಲ್ಲೇ ವಕೀಲರನ್ನು ಕಾಣಿ.